ರಂಗೂನ್ ಮಲ್ಲಿಗೆ ಬಳ್ಳಿ: ನಾಟಿಯಿಂದ ಸವರುವಿಕೆಯವರೆಗೆ

ಅಂಗೈಯಗಲದ ಪ್ಲಾಸ್ಟಿಕ್ ಚೀಲದಲ್ಲಿ ಏಳೆಂಟು ಎಲೆಗಳ ಪುಟ್ಟ ಗಿಡವಾಗಿ ಮನೆ ಸೇರುವ ರಂಗೂನ್ ಮಲ್ಲಿಗೆ, ಮೂರನೆಯ ವರ್ಷದ ಹೊತ್ತಿಗೆ ಮಾಳಿಗೆಯ ಅಂಚನ್ನು ಹಿಡಿದಿರುತ್ತದೆ. ಈ ಬಳ್ಳಿಯನ್ನು ಬೆಳೆಸಿದವರ ದೂರುಗಳು ಸಾಮಾನ್ಯವಾಗಿ ಮೂರೇ: ಹೂ ಬಿಡುತ್ತಿಲ್ಲ, ಕಂಡಲ್ಲೆಲ್ಲ ಹಬ್ಬುತ್ತಿದೆ, ಚಪ್ಪರ ಕುಸಿಯಿತು. ಈ ಮೂರಕ್ಕೂ ಕಾರಣವನ್ನು ಹುಡುಕುತ್ತ ಹೋದರೆ ಗಿಡ ನೆಟ್ಟ ದಿನ ಯೋಚಿಸದೆ ಬಿಟ್ಟ ಯಾವುದೋ ಒಂದು ಸಂಗತಿ ಸಿಗುತ್ತದೆ. ಆದ್ದರಿಂದ ಮಣ್ಣು, ಗೊಬ್ಬರಗಳ ಮಾತಿಗೆ ಮೊದಲು ಬಳ್ಳಿಯ ಸ್ವಭಾವ, ಅದು ನಿಲ್ಲುವ ಜಾಗ ಮತ್ತು ಅದು ಏರುವ ಆಸರೆಯ ವಿಷಯವನ್ನು ಇಲ್ಲಿ ವಿವರವಾಗಿ ತೆಗೆದುಕೊಂಡಿದ್ದೇನೆ.

ಬಳ್ಳಿಯ ಪರಿಚಯ

ಇದರ ಈಗಿನ ಸಸ್ಯಶಾಸ್ತ್ರೀಯ ಹೆಸರು ಕಾಂಬ್ರೀಟಮ್ ಇಂಡಿಕಮ್. ಹಳೆಯ ಹೆಸರಾದ ಕ್ವಿಸ್‌ಕ್ವಾಲಿಸ್ ಇಂಡಿಕಾ ಇನ್ನೂ ಬಳಕೆಯಲ್ಲಿದೆ. ಸಸಿ ಮಾರುವವರ ಚೀಟಿಗಳಲ್ಲಿ ಹೆಚ್ಚಾಗಿ ಕಾಣುವುದು ಅದೇ. ಅಳಲೆ, ತಾರೆ, ಮತ್ತಿ ಮುಂತಾದ ದೊಡ್ಡ ಮರಗಳಿರುವ ಕುಟುಂಬಕ್ಕೇ ಈ ಬಳ್ಳಿಯೂ ಸೇರುತ್ತದೆ, ಮತ್ತು ಅದರ ಮೂಲ ನೆಲೆ ಉಷ್ಣವಲಯದ ಏಷ್ಯಾ ಮತ್ತು ಆಫ್ರಿಕಾ. ಹೆಸರಿನಲ್ಲಿ ಮಲ್ಲಿಗೆ ಇದ್ದರೂ ಮಲ್ಲಿಗೆಯ ಕುಟುಂಬಕ್ಕೂ ಇದಕ್ಕೂ ಸಂಬಂಧವಿಲ್ಲ.

ಕ್ವಿಸ್‌ಕ್ವಾಲಿಸ್ ಎಂಬ ಹೆಸರಿನ ಹಿಂದೆ ಒಂದು ತಮಾಷೆಯಿದೆ. ಲ್ಯಾಟಿನ್ ಭಾಷೆಯಲ್ಲಿ ‘ಕ್ವಿಸ್’ ಎಂದರೆ ಯಾರು, ‘ಕ್ವಾಲಿಸ್’ ಎಂದರೆ ಎಂಥದು. 17ನೆಯ ಶತಮಾನದಲ್ಲಿ, ಈಗಿನ ಇಂಡೊನೇಷ್ಯದ ಅಂಬೋನ್ ದ್ವೀಪದಲ್ಲಿ ಡಚ್ಚರ ಸೇವೆಯಲ್ಲಿದ್ದ ಸಸ್ಯವಿಜ್ಞಾನಿ ರುಂಫಿಯಸ್, ಮಲಯ ಭಾಷೆಯಲ್ಲಿ ಈ ಬಳ್ಳಿಗಿದ್ದ ‘ಉದಾನಿ’ ಎಂಬ ಹೆಸರು ‘ಎಂಥದು’ ಎಂಬರ್ಥದ ಡಚ್ ಪದದಂತೆ ಕೇಳಿಸುವುದನ್ನು ಹಿಡಿದು ಲ್ಯಾಟಿನ್‌ನಲ್ಲಿ ಈ ಹೆಸರನ್ನು ಹೊಸೆದ. ಗಿಡಗಳಿಗೆ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನ್ನೇಯಸ್ 1762ರಲ್ಲಿ ಅದನ್ನೇ ಕುಲದ ಹೆಸರಾಗಿ ಉಳಿಸಿಕೊಂಡ. ಹೊಸೆದದ್ದು ಶ್ಲೇಷೆಗಾಗಿಯೇ ಆದರೂ ಹೆಸರು ಗಿಡಕ್ಕೆ ಒಪ್ಪುತ್ತದೆ. ಎಳವೆಯಲ್ಲಿ ಇದು ಬಳ್ಳಿಯಂತೆ ಕಾಣುವುದೇ ಇಲ್ಲ, ನೇರವಾಗಿ ನಿಂತ ಪೊದೆಯಂತೆ ಇರುತ್ತದೆ. ಬೇರು ನೆಲದಲ್ಲಿ ನೆಲೆಗೊಂಡ ಮೇಲೆ ಬುಡದಿಂದ ಉದ್ದನೆಯ, ಬಳುಕುವ ಕುಡಿಗಳು ಎದ್ದು ಆಸರೆಯನ್ನು ಹುಡುಕತೊಡಗುತ್ತವೆ. ಹೊಸದಾಗಿ ತಂದವರು ಮೊದಲ ಕೆಲವು ತಿಂಗಳು ತಮಗೆ ಬೇರೆ ಯಾವುದೋ ಗಿಡ ಕೊಟ್ಟಿದ್ದಾರೆಂದು ಅನುಮಾನ ಪಡುವುದು ಸಾಮಾನ್ಯ. ಹಾಗೆಂದು ಕಿತ್ತುಹಾಕಬಾರದು.

ಹೂವಿನ ಬಣ್ಣವೂ ಹಾಗೆಯೇ ಬದಲಾಗುತ್ತದೆ. ಮುಸ್ಸಂಜೆಯ ಹೊತ್ತಿಗೆ ಅರಳುವಾಗ ಬಿಳಿ, ಮರುದಿನ ಗುಲಾಬಿ, ಅದರ ಮರುದಿನ ಕಡುಗೆಂಪು. ಗೊಂಚಲಿನ ಹೂಗಳು ಒಂದೇ ದಿನ ಅರಳುವುದಿಲ್ಲವಾದ್ದರಿಂದ ಮೂರು ಬಣ್ಣಗಳೂ ಒಂದೇ ಗೊಂಚಲಿನಲ್ಲಿ ಕಾಣಸಿಗುತ್ತವೆ. ಸುಮಾರು ಏಳು ಸೆಂಟಿಮೀಟರ್‌ವರೆಗೆ ಉದ್ದವಿರುವ ತೆಳ್ಳನೆಯ ಕೊಳವೆ ಹಾಗೂ ಅದರ ತುದಿಯಲ್ಲಿ ಐದು ಎಸಳು, ಇದು ಈ ಹೂವಿನ ರಚನೆ. ಕೊಳವೆಯ ತಳದಲ್ಲಿರುವ ಮಕರಂದಕ್ಕೆ ರಾತ್ರಿ ಉದ್ದ ಹೀರುಕೊಳವೆಯ ಹಾಕ್ ಪತಂಗಗಳು ಬರುತ್ತವೆ. ಹೂ ಕೆಂಪಾಗಿ ಜೋಲುಬಿದ್ದ ಮೇಲೆ ಹಗಲಿನ ಜೇನುನೊಣಗಳೂ ಸೂರಕ್ಕಿಗಳೂ ಬರುತ್ತವೆ. ಪರಿಮಳ ಹೆಚ್ಚಾಗಿರುವುದು ರಾತ್ರಿಯಲ್ಲಿ. ಕುಳಿತುಕೊಳ್ಳುವ ಜಗಲಿಯ ಬಳಿಯೋ ಮಲಗುವ ಕೋಣೆಯ ಕಿಟಕಿಯಿಂದ ತುಸು ದೂರದಲ್ಲೋ ನೆಡಬೇಕೆಂದು ಹೇಳುವುದು ಇದಕ್ಕಾಗಿಯೇ.

ಕೊಳ್ಳುವಾಗ ಒಂದು ಎಚ್ಚರ ಬೇಕು. ಇದನ್ನು ಮಧುಮಾಲತಿ ಎಂದು ಕರೆಯುವ ರೂಢಿಯಿದೆ, ಆದರೆ ಕೆಲವರು ಮಾಧವೀಲತೆಗೂ ಅದೇ ಹೆಸರನ್ನು ಬಳಸುತ್ತಾರೆ. ಮಾಧವೀಲತೆಯ ಹೂವಿಗೆ ಉದ್ದನೆಯ ಕೊಳವೆಯಿಲ್ಲ, ಎಸಳುಗಳ ಅಂಚು ಸೀಳುಸೀಳಾಗಿರುತ್ತದೆ, ಒಂದು ಎಸಳಿನ ಮೇಲೆ ಹಳದಿ ಛಾಯೆಯಿರುತ್ತದೆ. ಹೂವಿರುವ ಗಿಡವನ್ನೇ ನೋಡಿ ತಂದರೆ ಗೊಂದಲ ಉಳಿಯುವುದಿಲ್ಲ. ಒಂಟಿ ಸುತ್ತಿನ ಎಸಳಿನದು ಮತ್ತು ಸುತ್ತು ಸುತ್ತಾಗಿ ಎಸಳಿರುವ ತುಂಬುಹೂವಿನದು ಎಂಬ ಎರಡು ಬಗೆಗಳು ಸಿಗುತ್ತವೆ. ತುಂಬುಹೂವಿನ ಗೊಂಚಲು ಕಣ್ಣಿಗೆ ದಟ್ಟವಾಗಿ ಕಂಡರೂ ಬಣ್ಣ ಬದಲಾಗುವ ಸೊಗಸು ನನಗೆ ಒಂಟಿ ಸುತ್ತಿನ ಹೂವಿನಲ್ಲೇ ಹೆಚ್ಚು ಸ್ಪಷ್ಟವಾಗಿ ತೋರಿದೆ. ಆರೈಕೆಯ ದೃಷ್ಟಿಯಿಂದ ಎರಡಕ್ಕೂ ವ್ಯತ್ಯಾಸವಿಲ್ಲ.

ಜಾಗವನ್ನು ಆರಿಸುವುದು

ದಿನಕ್ಕೆ ಕನಿಷ್ಠ ಐದಾರು ಗಂಟೆ ನೇರ ಬಿಸಿಲು ಬೀಳುವ ಜಾಗ ಇದಕ್ಕೆ ಬೇಕು. ಅರೆನೆರಳಿನಲ್ಲೂ ಬಳ್ಳಿ ಸೊಂಪಾಗಿಯೇ ಬೆಳೆಯುತ್ತದೆ, ಆದರೆ ಅಲ್ಲಿ ಎಲೆ ಹೆಚ್ಚು, ಹೂ ಕಡಿಮೆ. ಬುಡ ನೆರಳಿನಲ್ಲಿದ್ದು ತಲೆ ಬಿಸಿಲಿನಲ್ಲಿದ್ದರೆ ತೊಂದರೆಯಿಲ್ಲ. ವಾಸ್ತವದಲ್ಲಿ ಬುಡದ ಮಣ್ಣು ತಂಪಾಗಿರುವುದು ಬೇರಿಗೆ ಹಿತ. ಗೋಡೆಯ ನೆರಳಿನಲ್ಲಿ ನೆಟ್ಟು, ಬಳ್ಳಿ ಗೋಡೆ ದಾಟಿ ಬಿಸಿಲಿಗೆ ಬಂದ ಮೇಲೆ ಅಲ್ಲಿ ಹೂ ಬಿಡುವಂತೆ ಮಾಡುವುದು ಸಾಧ್ಯ. ಆದರೆ ಆಗ ಹೂ ಕಾಣುವುದು ನಿಮಗಲ್ಲ, ಗೋಡೆಯ ಆಚೆಯವರಿಗೆ. ಬಳ್ಳಿ ಬೆಳಕಿದ್ದತ್ತ ತಿರುಗುತ್ತದೆ, ಗೊಂಚಲುಗಳು ಹೊರಮುಖವಾಗಿ ಜೋಲುತ್ತವೆ. ನೀವು ನಿಂತು ನೋಡುವ ಜಾಗ ಮತ್ತು ಬಿಸಿಲು ಬರುವ ದಿಕ್ಕು ಇವೆರಡೂ ಬಳ್ಳಿಯ ಒಂದೇ ಬದಿಯಲ್ಲಿರುವಂತೆ ನೋಡಿಕೊಳ್ಳಿ.

ಹಂಚಿನ ಮಾಡಿನಿಂದ, ಮಳೆನೀರಿನ ಕೊಳವೆಗಳಿಂದ, ವಿದ್ಯುತ್ ತಂತಿಗಳಿಂದ ಕನಿಷ್ಠ ಎರಡು ಮೀಟರ್ ದೂರವಿರಲಿ. ಎಳೆಯ ಕುಡಿ ಹಂಚಿನ ಸಂದಿಯಲ್ಲಿ ನುಸುಳಿ ಒಳಗೆ ದಪ್ಪವಾದರೆ ಹಂಚು ಮೇಲೇಳುತ್ತದೆ. ಹಣ್ಣಿನ ಮರದ ಪಕ್ಕದಲ್ಲಿ ನೆಡುವುದೂ ಒಳ್ಳೆಯದಲ್ಲ. ಕಾಡಿನಲ್ಲಿ ಮರಗಳನ್ನು ಏರಿ ಬೆಳೆಯುವ ಬಳ್ಳಿಯಿದು; ಮರದ ನೆತ್ತಿಯನ್ನು ಮುಚ್ಚಿ ಅದರ ಬಿಸಿಲನ್ನು ಕಸಿಯಬಲ್ಲುದು.

ಆಸರೆ

ಈ ಬಳ್ಳಿ ಏರುವ ಬಗೆಯನ್ನು ತಿಳಿದುಕೊಂಡರೆ ಎಂಥ ಆಸರೆ ಬೇಕೆಂಬುದು ತಾನಾಗಿಯೇ ಹೊಳೆಯುತ್ತದೆ. ಸೋರೆ, ಹಾಗಲಗಳಂತೆ ಇದಕ್ಕೆ ನುಲಿಬಳ್ಳಿಗಳಿಲ್ಲ. ವೀಳ್ಯದೆಲೆ, ಮೆಣಸಿನ ಬಳ್ಳಿಗಳಂತೆ ಗೆಣ್ಣಿನಲ್ಲಿ ಅಂಟುಬೇರುಗಳೂ ಇಲ್ಲ. ಎಲೆ ಉದುರಿದ ಮೇಲೆ ತೊಟ್ಟಿನ ಬುಡ ಕಾಂಡದಲ್ಲೇ ಉಳಿದು, ಗಟ್ಟಿಯಾಗಿ, ಮೊಂಡು ಮುಳ್ಳಿನಂತಾಗುತ್ತದೆ. ಈ ಮುಳ್ಳುಗಳನ್ನು ಕೊಕ್ಕೆಯಂತೆ ಸಿಕ್ಕಿಸಿಕೊಂಡು, ತುಸುವೇ ಸುತ್ತಿಕೊಂಡು, ಒಂದರ ಮೇಲೊಂದು ಒರಗಿಕೊಂಡು ಕುಡಿಗಳು ಮೇಲೇರುತ್ತವೆ. ಆದ್ದರಿಂದ ನುಣುಪಾದ ಗೋಡೆಯನ್ನು ಇದು ತಾನಾಗಿ ಹತ್ತಲಾರದು, ನುಣುಪಾದ ಕೊಳವೆಯಂಥ ಕಂಬದ ಮೇಲಿಂದ ಜಾರಿ ಬೀಳುತ್ತದೆ. ಅಡ್ಡಪಟ್ಟಿಗಳಿರುವ ಜಾಲರಿ, ತಂತಿಬೇಲಿ, ಕಮಾನು ಅಥವಾ ಚಪ್ಪರ ಇದಕ್ಕೆ ತಕ್ಕ ಆಸರೆಗಳು.

ಎರಡನೆಯ ಸಂಗತಿ ಭಾರ. ಬಳ್ಳಿ ಸಾಮಾನ್ಯವಾಗಿ ಆರರಿಂದ ಎಂಟು ಮೀಟರ್, ಅನುಕೂಲ ಸಿಕ್ಕರೆ ಅದಕ್ಕಿಂತಲೂ ಉದ್ದ ಬೆಳೆಯುತ್ತದೆ, ಮತ್ತು ಹಳೆಯ ಕಾಂಡಗಳು ಮರದಂತೆ ಗಟ್ಟಿಯಾಗಿ ತೋಳಿನ ಗಾತ್ರಕ್ಕೆ ಬರುತ್ತವೆ. ದಟ್ಟ ಎಲೆಗಳು ಮಳೆಯಲ್ಲಿ ನೆನೆದಾಗ ತೂಕ ಬಹಳ ಹೆಚ್ಚುತ್ತದೆ, ಜೊತೆಗೆ ಗಾಳಿಗೆ ಇಡೀ ಹರಹು ಹಾಯಿಯಂತೆ ಒಡ್ಡಿಕೊಂಡಿರುತ್ತದೆ. ನನ್ನ ಮೊದಲ ಬಳ್ಳಿಗೆ ಸೀಳಿದ ಬಿದಿರಿನ ತಡಿಕೆ ಕಟ್ಟಿದ್ದೆ. ಎರಡು ವರ್ಷ ಅದು ಚೆನ್ನಾಗಿಯೇ ನಿಂತಿತ್ತು. ಮೂರನೆಯ ಮಳೆಗಾಲದಲ್ಲಿ ಒಂದು ರಾತ್ರಿ ಬಳ್ಳಿಸಮೇತ ನೆಲಕ್ಕೊರಗಿತು. ಬಿದಿರು ಮುರಿದಿರಲಿಲ್ಲ, ಮಣ್ಣಿನೊಳಗಿದ್ದ ಅದರ ಬುಡ ಕೊಳೆತಿತ್ತು. ಬಲವಾದ ಆಸರೆಯನ್ನು ನಂತರ ಹಾಕೋಣವೆಂದು ಮುಂದೂಡುವಂತಿಲ್ಲ. ಹಬ್ಬಿದ ಬಳ್ಳಿಯನ್ನು ಹರಿಯದೆ ಹಳೆಯ ಆಸರೆಯಿಂದ ಬಿಡಿಸುವುದು ಬಹುತೇಕ ಅಸಾಧ್ಯ.

ಚಪ್ಪರಕ್ಕಾದರೆ ಕಬ್ಬಿಣದ ಅಥವಾ ಕಾಂಕ್ರೀಟಿನ ಕಂಬಗಳನ್ನು ಕನಿಷ್ಠ 60 ಸೆಂ.ಮೀ. ಆಳಕ್ಕೆ ಹೂಳಿ, ಬುಡಕ್ಕೆ ಕಾಂಕ್ರೀಟ್ ಹಾಕಿ. ಮರದ ಕಂಬವಾದರೆ ಮಣ್ಣಿಗೆ ತಾಗದಂತೆ ಕಬ್ಬಿಣದ ಪಾದದ ಮೇಲೆ ನಿಲ್ಲಿಸಿ. ಚಪ್ಪರದ ಎತ್ತರ ಎರಡೂವರೆ ಮೀಟರಿಗೆ ಕಡಿಮೆಯಾಗದಿರಲಿ, ಏಕೆಂದರೆ ಗೊಂಚಲುಗಳು ಕೆಳಕ್ಕೆ ಜೋಲುತ್ತವೆ. ಗೋಡೆಯ ಮೇಲೆ ಹಬ್ಬಿಸುವುದಾದರೆ ಗೋಡೆಯಿಂದ 10ರಿಂದ 15 ಸೆಂ.ಮೀ. ಹೊರಕ್ಕೆ ನಿಲ್ಲುವ ಕೊಕ್ಕೆಗಳನ್ನು ಬಡಿದು, ಸುಮಾರು 3 ಮಿ.ಮೀ. ದಪ್ಪದ ಸತು ಲೇಪಿತ ತಂತಿಯನ್ನು 40 ಸೆಂ.ಮೀ. ಅಂತರದಲ್ಲಿ ಅಡ್ಡಲಾಗಿ ಬಿಗಿದು ಕಟ್ಟಿ. ಗೋಡೆಗೂ ಬಳ್ಳಿಗೂ ನಡುವೆ ಉಳಿಯುವ ಈ ಸಂದಿನಿಂದ ಗಾಳಿಯಾಡುತ್ತದೆ, ಗೋಡೆಯಲ್ಲಿ ತೇವ ನಿಲ್ಲುವುದಿಲ್ಲ, ಸವರುವಾಗ ಕೈ ಹಾಕಲೂ ಜಾಗವಿರುತ್ತದೆ.

ಮಣ್ಣು, ಗುಂಡಿ, ನಾಟಿ

ಮಣ್ಣಿನ ವಿಷಯದಲ್ಲಿ ಈ ಬಳ್ಳಿಗೆ ಅಷ್ಟೇನೂ ಹಟವಿಲ್ಲ. ನೀರು ನಿಲ್ಲದಿದ್ದರೆ ಸಾಕು. ಕೆಂಪು ಮಣ್ಣು, ಗೋಡು ಮಣ್ಣು, ಮರಳು ಬೆರೆತ ಜೇಡಿ, ಯಾವುದರಲ್ಲಾದರೂ ಬರುತ್ತದೆ. ಸುಣ್ಣದ ಅಂಶ ಹೆಚ್ಚಿರುವ ಮಣ್ಣಿನಲ್ಲಿ ಹೊಸ ಎಲೆಗಳು ಹಳದಿಗಟ್ಟುವ ಸಾಧ್ಯತೆಯಿದೆ. ಕಟ್ಟಡದ ಪಕ್ಕದಲ್ಲಿ ನೆಡುವಾಗ ಮಣ್ಣಿನಲ್ಲಿ ಹುದುಗಿರುವ ಸಿಮೆಂಟಿನ ಹೆಂಟೆಗಳನ್ನು ಹೆಕ್ಕಿ ತೆಗೆಯಬೇಕಾದದ್ದು ಇದೇ ಕಾರಣಕ್ಕೆ.

ಮಳೆಗಾಲದ ಆರಂಭ ನೆಡಲು ಉತ್ತಮ ಕಾಲ. ನೀರಿನ ಅನುಕೂಲವಿದ್ದರೆ ಬೇಸಗೆಯ ಮೊದಲಲ್ಲೂ ನೆಡಬಹುದು. ಉದ್ದ, ಅಗಲ, ಆಳ ಮೂರೂ ಸುಮಾರು 45 ಸೆಂ.ಮೀ. ಇರುವ ಗುಂಡಿಯನ್ನು ಆಸರೆಯಿಂದ 30 ಸೆಂ.ಮೀ. ದೂರದಲ್ಲಿ ತೆಗೆಯಿರಿ. ಮೇಲುಮಣ್ಣನ್ನು ಒಂದು ಕಡೆ, ಅಡಿಮಣ್ಣನ್ನು ಇನ್ನೊಂದು ಕಡೆ ಹಾಕಿ. ಎರಡು ಪಾಲು ಮೇಲುಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಬೆರೆಸಿ. ಜೇಡಿ ನೆಲವಾದರೆ ಒಂದು ಪಾಲು ದಪ್ಪ ಮರಳನ್ನೂ ಸೇರಿಸಿ. ಹಸಿ ಸಗಣಿಯನ್ನು ಗುಂಡಿಗೆ ಹಾಕಲೇಬಾರದು, ಅದು ಕಳಿಯುವಾಗ ಏಳುವ ಕಾವು ಎಳೆಯ ಬೇರನ್ನು ಸುಡುತ್ತದೆ. ನೀರು ಇಂಗುತ್ತದೆಯೋ ಇಲ್ಲವೋ ಎಂಬ ಸಂಶಯವಿದ್ದರೆ ಖಾಲಿ ಗುಂಡಿಯ ತುಂಬ ನೀರು ಸುರಿದು ನೋಡಿ. ಮರುದಿನವೂ ನೀರು ನಿಂತಿದ್ದರೆ ಜಾಗವನ್ನು ಬದಲಿಸಿ, ಇಲ್ಲವೇ ನೆಲಮಟ್ಟದಿಂದ ಒಂದಡಿ ಏರಿಸಿದ ದಿಬ್ಬದ ಮೇಲೆ ನೆಡಿ.

ನೆಡುವ ಹಿಂದಿನ ದಿನ ಚೀಲದ ಗಿಡಕ್ಕೆ ನೀರುಣಿಸಿಡಿ. ಚೀಲವನ್ನು ಉದ್ದಕ್ಕೆ ಕೊಯ್ದು, ಮಣ್ಣಿನ ಹೆಂಟೆ ಒಡೆಯದಂತೆ ಹೊರತೆಗೆಯಿರಿ. ಚೀಲದ ಒಳಗೋಡೆಗೆ ಸುತ್ತಿಕೊಂಡ ಬೇರುಗಳಿದ್ದರೆ ಬೆರಳಿನಿಂದ ಮೆಲ್ಲಗೆ ಬಿಡಿಸಿ. ಗಿಡ ಚೀಲದಲ್ಲಿ ಎಷ್ಟು ಆಳದಲ್ಲಿತ್ತೋ ನೆಲದಲ್ಲೂ ಅಷ್ಟೇ ಆಳದಲ್ಲಿರಲಿ. ಆಸರೆಯ ಕಡೆಗೆ ತುಸು ವಾಲಿಸಿ ನೆಟ್ಟು, ಸುತ್ತಲಿನ ಮಣ್ಣನ್ನು ಅಂಗೈಯಿಂದ ಒತ್ತಿ, ಪಾತಿ ಕಟ್ಟಿ ಒಂದು ಬಕೆಟ್ ನೀರು ಹಾಕಿ. ಒಣ ಎಲೆ ಅಥವಾ ಹುಲ್ಲಿನ ಹೊದಿಕೆಯನ್ನು ಎರಡು ಮೂರು ಅಂಗುಲ ದಪ್ಪಕ್ಕೆ ಹರಡಿ, ಆದರೆ ಕಾಂಡಕ್ಕೆ ತಾಗದಷ್ಟು ಜಾಗ ಬಿಡಿ. ಬೇಲಿಯುದ್ದಕ್ಕೂ ಹಲವು ಗಿಡ ನೆಡುವುದಾದರೆ ಎರಡು ಗಿಡಗಳ ನಡುವೆ ಎರಡರಿಂದ ಎರಡೂವರೆ ಮೀಟರ್ ಅಂತರವಿರಲಿ. ಬೇಗ ತುಂಬಲೆಂದು ಹತ್ತಿರ ಹತ್ತಿರ ನೆಟ್ಟರೆ ನಾಲ್ಕನೆಯ ವರ್ಷ ಒಂದನ್ನು ಬಿಟ್ಟು ಒಂದನ್ನು ಕೀಳಬೇಕಾಗುತ್ತದೆ.

ಮೊದಲ ವರ್ಷ

ಮೊದಲ ವರ್ಷದಲ್ಲಿ ಹೂವನ್ನು ನಿರೀಕ್ಷಿಸಬೇಡಿ. ಈ ವರ್ಷದ ಕೆಲಸ ಬಳ್ಳಿಗೆ ಮೈಕಟ್ಟು ಕೊಡುವುದು. ಪೊದೆಯಂತೆ ನಿಂತ ಗಿಡದ ಬುಡದಿಂದ ಉದ್ದನೆಯ ಕುಡಿಗಳು ಹೊರಟಾಗ ಅವುಗಳಲ್ಲಿ ಬಲವಾದ ಮೂರು ನಾಲ್ಕನ್ನು ಆರಿಸಿಕೊಂಡು ಉಳಿದವನ್ನು ಬುಡದಲ್ಲೇ ಕತ್ತರಿಸಿ. ಆರಿಸಿದ ಕುಡಿಗಳನ್ನು ಸೆಣಬಿನ ಅಥವಾ ಹತ್ತಿಯ ದಾರದಿಂದ ಎಂಟರ ಆಕಾರದ ಸಡಿಲ ಗಂಟು ಹಾಕಿ ಆಸರೆಗೆ ಕಟ್ಟಿ. ಪ್ಲಾಸ್ಟಿಕ್ ದಾರವಾಗಲಿ ತಂತಿಯಾಗಲಿ ಬೇಡ; ಕಾಂಡ ದಪ್ಪವಾದಂತೆ ಅವು ತೊಗಟೆಯೊಳಗೆ ಹೂತು ರಸದ ಹರಿವನ್ನು ತಡೆಯುತ್ತವೆ.

ಕುಡಿಗಳನ್ನು ನೇರ ಮೇಲಕ್ಕೆ ಬಿಡದೆ ಬೀಸಣಿಗೆಯಂತೆ ಓರೆಯಾಗಿ ಹರಡಿ. ನೇರ ಏರಿದ ಕುಡಿ ತನ್ನ ಶಕ್ತಿಯನ್ನೆಲ್ಲ ತುದಿಗೆ ಸುರಿಯುತ್ತದೆ, ಕೆಳಗಿನ ಭಾಗ ಬರಿದಾಗಿ ಉಳಿಯುತ್ತದೆ. ಅಡ್ಡಕ್ಕೆ ಬಾಗಿಸಿದ ಕುಡಿಯಲ್ಲಾದರೋ ಗೆಣ್ಣುಗೆಣ್ಣಿನಿಂದಲೂ ಪಕ್ಕದ ರೆಂಬೆಗಳು ಚಿಗುರುತ್ತವೆ. ಹೂ ಬರುವುದು ಈ ಪಕ್ಕದ ರೆಂಬೆಗಳ ತುದಿಯಲ್ಲಿ ಮತ್ತು ಎಲೆಗಳ ಕಂಕುಳಲ್ಲಿ, ಅಂದರೆ ಎಲೆ ಕಾಂಡಕ್ಕೆ ಸೇರುವ ಮೂಲೆಯಲ್ಲಿ. ಕುಡಿ ಆಸರೆಯ ಮೇಲ್ತುದಿಯನ್ನು ತಲುಪಿದಾಗ ಅದರ ತುದಿಯನ್ನು ಎರಡು ಗೆಣ್ಣುಗಳಷ್ಟು ಚಿವುಟಿ. ಈ ಕೆಲಸಕ್ಕೆ ಹದಿನೈದು ದಿನಕ್ಕೊಮ್ಮೆ ಹತ್ತು ನಿಮಿಷ ಸಾಕು. ತಪ್ಪಿಸಿದರೆ, ಕೆಳಗೆ ಬೋಳು ಕಾಂಡ, ಮೇಲೆ ಕೊಡೆಯಂತೆ ಎಲೆಗಳ ಮುದ್ದೆ ಆಗುತ್ತದೆ. ಅದನ್ನು ಸರಿಪಡಿಸಲು ಇಡೀ ಬಳ್ಳಿಯನ್ನು ಕಡಿದು ಮತ್ತೆ ಚಿಗುರಿಸುವುದಷ್ಟೇ ದಾರಿ.

ನೀರು ಮತ್ತು ಗೊಬ್ಬರ

ನೆಟ್ಟ ಮೊದಲ ತಿಂಗಳು ಮಳೆಯಿಲ್ಲದ ದಿನಗಳಲ್ಲಿ ಎರಡು ದಿನಕ್ಕೊಮ್ಮೆ, ಆಮೇಲೆ ವಾರಕ್ಕೆರಡು ಸಲ ನೀರು ಕೊಡಿ. ಬೆರಳನ್ನು ಮಣ್ಣಿಗಿಳಿಸಿ, ಎರಡನೆಯ ಗಿಣ್ಣಿನವರೆಗೆ ಒಣಗಿದ್ದರೆ ಮಾತ್ರ ನೀರು ಹಾಕುವುದು ಸುರಕ್ಷಿತ ಪದ್ಧತಿ. ದಿನಕ್ಕೊಂದು ಚೊಂಬು ಚಿಮುಕಿಸುವುದಕ್ಕಿಂತ ವಾರಕ್ಕೊಮ್ಮೆ ಆಳಕ್ಕಿಳಿಯುವಂತೆ ಹಾಕುವುದು ಮೇಲು. ಮೇಲ್ಪದರ ಮಾತ್ರ ಒದ್ದೆಯಾದರೆ ಬೇರೂ ಮೇಲ್ಪದರದಲ್ಲೇ ಉಳಿದುಬಿಡುತ್ತದೆ. ಎರಡು ವರ್ಷ ತುಂಬಿದ ಬಳ್ಳಿ ಸಾಕಷ್ಟು ಬರವನ್ನು ತಾಳುತ್ತದೆ. ಆದರೆ ಮೊಗ್ಗು ಕಟ್ಟುವ ಹೊತ್ತಿನಲ್ಲಿ ಮಣ್ಣು ಪೂರ್ತಿ ಒಣಗಿದರೆ ಮೊಗ್ಗುಗಳು ಉದುರುತ್ತವೆ. ಚಳಿಗಾಲದಲ್ಲಿ ಬೆಳವಣಿಗೆ ನಿಂತು ಒಂದಷ್ಟು ಎಲೆಗಳು ಉದುರುವುದು ಸಹಜ. ಗಾಬರಿಯಿಂದ ಆಗ ನೀರು ಹೆಚ್ಚಿಸಿದರೆ ಬೇರು ಕೊಳೆಯುತ್ತದೆ.

ಗೊಬ್ಬರದ ವಿಷಯದಲ್ಲಿ ಕೈ ಬಿಗಿಯಾಗಿರಲಿ. ವರ್ಷಕ್ಕೊಮ್ಮೆ, ಸವರಿದ ನಂತರ, ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರವನ್ನು ಬುಡದಿಂದ ಒಂದಡಿ ದೂರದಲ್ಲಿ ಸುತ್ತ ಹರಡಿ ಮಣ್ಣಿನಲ್ಲಿ ಬೆರೆಸಿ. ಹೂ ಬಿಡುವ ಋತು ಶುರುವಾಗುವ ಮುನ್ನ ರಂಜಕ ಮತ್ತು ಪೊಟ್ಯಾಷ್ ಹೆಚ್ಚಿರುವ ಗೊಬ್ಬರ ಕೊಡಬಹುದು. ಮೂಳೆಪುಡಿ ಮತ್ತು ಮರದ ಬೂದಿ ತಲಾ ಒಂದು ಹಿಡಿ ಆದರೂ ನಡೆಯುತ್ತದೆ, ಆದರೆ ಸುಣ್ಣದ ನೆಲದಲ್ಲಿ ಬೂದಿ ಬೇಡ. ಯೂರಿಯಾ ಅಥವಾ ಸಾರಜನಕ ಹೆಚ್ಚಿರುವ ಯಾವ ಗೊಬ್ಬರವೂ ಈ ಬಳ್ಳಿಗೆ ಬೇಡ. ಹುಲ್ಲುಹಾಸಿಗೆ ಹಾಕಿದ ಗೊಬ್ಬರ ಪಕ್ಕದ ಬಳ್ಳಿಯ ಬೇರಿಗೂ ತಲುಪಿ, ಹೂವೇ ಇಲ್ಲದೆ ಬರಿ ಎಲೆ ತುಂಬುವುದನ್ನು ನಾನು ಕಂಡಿದ್ದೇನೆ.

ಸವರುವುದು

ಈ ಬಳ್ಳಿಯ ಆರೈಕೆಯಲ್ಲಿ ಅತಿ ಮುಖ್ಯವಾದ ಕೆಲಸ ಇದು, ಮತ್ತು ಬಹುತೇಕರು ಹೆದರಿ ಮಾಡದೆ ಬಿಡುವ ಕೆಲಸವೂ ಇದೇ. ರಂಗೂನ್ ಮಲ್ಲಿಗೆ ಹೂ ಬಿಡುವುದು ಆಯಾ ಋತುವಿನ ಹೊಸ ಚಿಗುರಿನಲ್ಲಿ. ಕಳೆದ ವರ್ಷದ ಗಟ್ಟಿ ಕಾಂಡ ಹೊಸ ಚಿಗುರನ್ನು ಹೊರುವ ನೆಲೆ ಮಾತ್ರ. ಹೊಸ ಚಿಗುರು ಎಷ್ಟು ಹೆಚ್ಚೋ ಗೊಂಚಲುಗಳೂ ಅಷ್ಟು ಹೆಚ್ಚು. ಕತ್ತರಿ ಹಾಕದೆ ಬಿಟ್ಟ ಬಳ್ಳಿಯಲ್ಲಿ ಚಿಗುರು ಬರುವುದು ಮೇಲ್ತುದಿಯಲ್ಲಿ ಮಾತ್ರ. ಆದ್ದರಿಂದ ಹೂವೂ ಅಲ್ಲೇ, ತಲೆಯೆತ್ತಿದರೂ ಕಾಣದಷ್ಟು ಎತ್ತರದಲ್ಲಿ.

ಕಾಲ ಯಾವುದೆಂಬುದು ಇದರಿಂದಲೇ ತಿಳಿಯುತ್ತದೆ: ಹೂವಿನ ಋತು ಮುಗಿದು, ಮುಂದಿನ ಚಿಗುರು ಶುರುವಾಗುವ ಮೊದಲು. ಚಳಿ ಕಳೆದು ಬಿಸಿಲು ಏರತೊಡಗುವ ಮುನ್ನಿನ ಎರಡು ಮೂರು ವಾರಗಳು ಇದಕ್ಕೆ ಸರಿಯಾದ ಹೊತ್ತು. ಹಿಮ ಬೀಳದ, ವರ್ಷವಿಡೀ ಬೆಚ್ಚಗಿರುವ ಪ್ರದೇಶಗಳಲ್ಲಿ ಬಳ್ಳಿ ಅಲೆಯಲೆಯಾಗಿ ಹೂ ಬಿಡುತ್ತಲೇ ಇರುತ್ತದೆ. ಅಲ್ಲಿ ದೊಡ್ಡದೊಂದು ಅಲೆ ಮುಗಿದ ಕೂಡಲೇ ಸವರಬಹುದು. ಎಳೆಮೊಗ್ಗುಗಳು ಕಾಣಿಸಿಕೊಂಡ ಮೇಲೆ ಕತ್ತರಿ ಹಿಡಿದರೆ ಆ ಅಲೆಯ ಹೂವೆಲ್ಲ ಹೋಯಿತೆಂದೇ ಲೆಕ್ಕ. ಒಮ್ಮೆ ಅತಿಥಿಗಳು ಬರುವರೆಂದು ಅಂಗಳ ಚೊಕ್ಕಟವಾಗಿ ಕಾಣಲೆಂದು ಮೊಗ್ಗಿನ ಕಾಲದಲ್ಲಿ ಬಳ್ಳಿಯ ಅಂಚುಗಳನ್ನು ಕತ್ತರಿಸಿಬಿಟ್ಟಿದ್ದೆ. ಅಂಗಳವೇನೋ ಚೊಕ್ಕಟವಾಯಿತು, ಬಂದವರಿಗೆ ತೋರಿಸಲು ಹೂವಿರಲಿಲ್ಲ.

ಸವರುವ ಕ್ರಮ ಹೀಗಿರಲಿ. ಮೊದಲು ಒಣಗಿದ, ಮುರಿದ, ರೋಗ ಹಿಡಿದ ಭಾಗಗಳನ್ನು ಪೂರ್ತಿ ತೆಗೆಯಿರಿ. ಒಣ ಕಾಂಡವೋ ಎಲೆ ಉದುರಿಸಿ ಮಲಗಿರುವ ಜೀವಂತ ಕಾಂಡವೋ ತಿಳಿಯದಿದ್ದರೆ ಉಗುರಿನಿಂದ ತೊಗಟೆಯನ್ನು ತುಸು ಕೆರೆದು ನೋಡಿ; ಒಳಗೆ ಹಸಿರಿದ್ದರೆ ಜೀವವಿದೆ. ಅನಂತರ ಬುಡದಿಂದ ಎದ್ದ ಕಾಂಡಗಳಲ್ಲಿ ತೀರಾ ಹಳೆಯದಾದ ಒಂದನ್ನು ನೆಲದಿಂದ ಒಂದಡಿ ಎತ್ತರಕ್ಕೆ ಕಡಿಯಿರಿ. ಪ್ರತಿ ವರ್ಷ ಹೀಗೆ ಒಂದೊಂದನ್ನು ತೆಗೆಯುತ್ತ ಬಂದರೆ ಮೂರು ನಾಲ್ಕು ವರ್ಷಗಳಲ್ಲಿ ಇಡೀ ಬಳ್ಳಿ ಹೊಸದಾಗುತ್ತದೆ, ಬುಡ ಬೋಳಾಗುವುದಿಲ್ಲ. ಮೂರನೆಯದಾಗಿ, ಉಳಿಸಿಕೊಂಡ ಮುಖ್ಯ ಕಾಂಡಗಳಿಂದ ಹೊರಟ ಪಕ್ಕದ ರೆಂಬೆಗಳನ್ನು ಎರಡರಿಂದ ನಾಲ್ಕು ಗೆಣ್ಣುಗಳಷ್ಟು ಮಾತ್ರ ಬಿಟ್ಟು ಕತ್ತರಿಸಿ. ಗೆಣ್ಣಿನ ಮೇಲೆ ಅರ್ಧ ಸೆಂಟಿಮೀಟರ್ ಬಿಟ್ಟು ಓರೆಯಾಗಿ ಕತ್ತರಿಸಬೇಕು. ಕತ್ತರಿ ಹರಿತವಾಗಿರಲಿ, ಹೆಬ್ಬೆರಳಿಗಿಂತ ದಪ್ಪ ಕಾಂಡಕ್ಕೆ ಗರಗಸವನ್ನೇ ಬಳಸಿ. ಮೊಂಡು ಮುಳ್ಳುಗಳಿರುವುದರಿಂದ ಕೈಗವಸು ಮತ್ತು ತುಂಬುತೋಳಿನ ಅಂಗಿ ಬೇಕೇ ಬೇಕು.

ಕತ್ತರಿಸಿದ ರೆಂಬೆಗಳನ್ನು ಉದ್ದಕ್ಕೆ ಎಳೆಯಬೇಡಿ. ಅವು ಮುಳ್ಳುಗಳಿಂದ ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ, ಎಳೆದರೆ ಉಳಿಸಬೇಕಾದ ಕುಡಿಯೂ ಹರಿಯುತ್ತದೆ. ತುಂಡುತುಂಡಾಗಿ ಕತ್ತರಿಸಿ ಬಿಡಿಸಿ. ಸಿಕ್ಕು ಬಿಡದ ತುಂಡುಗಳನ್ನು ಅಲ್ಲೇ ಬಿಟ್ಟು, ಎರಡು ದಿನದ ನಂತರ ಎಲೆ ಬಾಡಿದ ಮೇಲೆ ತೆಗೆದರೆ ಯಾವುದು ಕತ್ತರಿಸಿದ್ದು ಯಾವುದು ಉಳಿಸಿದ್ದು ಎಂಬುದೂ ಸ್ಪಷ್ಟವಾಗಿ ಕಾಣುತ್ತದೆ. ಕೆಲಸ ಮುಗಿದಾಗ ಬಳ್ಳಿ ದಯನೀಯವಾಗಿ ಕಾಣುತ್ತದೆ. ಬೆಚ್ಚನೆಯ ವಾತಾವರಣದಲ್ಲಿ ಕೆಲವೇ ವಾರಗಳಲ್ಲಿ ಅದು ಚಿಗುರಿನಿಂದ ತುಂಬಿಕೊಳ್ಳುತ್ತದೆ. ವರ್ಷಗಟ್ಟಲೆ ಯಾರೂ ಮುಟ್ಟದ ಮುದಿ ಬಳ್ಳಿಯನ್ನು ನೆಲದಿಂದ ಎರಡಡಿಗೆ ಕಡಿದರೂ ಬೇರು ಆರೋಗ್ಯವಾಗಿದ್ದರೆ ಮತ್ತೆ ಚಿಗುರುತ್ತದೆ, ಆದರೆ ಮೊದಲಿನಂತೆ ತುಂಬಿ ಹೂ ಬಿಡಲು ಒಂದು ಋತು ಕಾಯಬೇಕಾದೀತು.

ಈ ವಾರ್ಷಿಕ ಸವರುವಿಕೆಯಲ್ಲದೆ ಹೂವಿನ ಕಾಲದುದ್ದಕ್ಕೂ ಬಾಡಿದ ಗೊಂಚಲುಗಳನ್ನು ಅವುಗಳ ಕೆಳಗಿನ ಒಂದು ಜೋಡಿ ಎಲೆಗಳೊಂದಿಗೆ ಕತ್ತರಿಸುತ್ತಿದ್ದರೆ ಕೆಳಗಿನ ಗೆಣ್ಣುಗಳು ಬೇಗ ಚಿಗುರುತ್ತವೆ. ಕೈಗೆಟುಕುವಷ್ಟಕ್ಕೆ ಮಾಡಿದರೆ ಸಾಕು, ಇದಕ್ಕಾಗಿ ಏಣಿ ಹತ್ತಬೇಕಿಲ್ಲ.

ಕುಂಡದಲ್ಲಿ ಬೆಳೆಸುವವರಿಗೆ

ನೆಲವಿಲ್ಲದವರು ಕುಂಡದಲ್ಲೂ ಬೆಳೆಸಬಹುದು. ಬೇರಿಗೆ ಜಾಗ ಕಡಿಮೆಯಾದಷ್ಟೂ ಬಳ್ಳಿಯ ಅಬ್ಬರ ತಗ್ಗುತ್ತದೆ, ಇದೊಂದು ಅನುಕೂಲವೇ. ಕುಂಡ ಕನಿಷ್ಠ 40 ಸೆಂ.ಮೀ. ಬಾಯಿ, ಅಷ್ಟೇ ಆಳ ಇರುವಂಥದ್ದಾಗಿರಲಿ, ತಳದಲ್ಲಿ ನೀರು ಬಸಿಯುವ ತೂತುಗಳಿರಲಿ. ತೋಟದ ಮಣ್ಣು, ಕಳಿತ ಗೊಬ್ಬರ, ಮರಳು ಅಥವಾ ತೆಂಗಿನ ನಾರಿನ ಪುಡಿ ಸಮಪಾಲು ಬೆರೆಸಿ ತುಂಬಿ. ಬರಿ ಗೊಬ್ಬರ ಮತ್ತು ನಾರಿನ ಪುಡಿಯಲ್ಲಿ ನೆಟ್ಟ ಕುಂಡ ಹಗುರವಾಗಿರುತ್ತದೆ, ಬಳ್ಳಿಯ ಭಾರಕ್ಕೆ ಗಾಳಿಯಲ್ಲಿ ಉರುಳುತ್ತದೆ. ಬೇಸಗೆಯಲ್ಲಿ ದಿನವೂ ನೀರು ಬೇಕಾದೀತು. ನೀರಿನೊಂದಿಗೆ ಸತ್ವವೂ ಬಸಿದು ಹೋಗುವುದರಿಂದ ಬೆಳವಣಿಗೆಯ ಕಾಲದಲ್ಲಿ ತಿಂಗಳಿಗೊಮ್ಮೆ ಎರಡು ಹಿಡಿ ಎರೆಗೊಬ್ಬರ ಕೊಡಿ. ಎರಡು ಮೂರು ವರ್ಷಕ್ಕೊಮ್ಮೆ, ಸವರುವ ಕಾಲದಲ್ಲೇ, ಗಿಡವನ್ನು ಹೊರತೆಗೆದು ಹೊರಸುತ್ತಿನ ಬೇರುಗಳಲ್ಲಿ ಕಾಲು ಭಾಗವನ್ನು ಕತ್ತರಿಸಿ ಹೊಸ ಮಣ್ಣಿನೊಂದಿಗೆ ಮತ್ತೆ ನೆಡಬೇಕು. ಕುಂಡವನ್ನು ನೆಲದ ಮೇಲೆ ನೇರವಾಗಿ ಇಡಬೇಡಿ. ತೂತಿನಿಂದ ಬೇರು ನೆಲಕ್ಕಿಳಿದರೆ ಅದು ಕುಂಡದ ಗಿಡವಾಗಿ ಉಳಿಯುವುದಿಲ್ಲ.

ಹೊಸ ಗಿಡ ಮಾಡಿಕೊಳ್ಳುವುದು

ಎಲ್ಲಕ್ಕಿಂತ ಸುಲಭದ ದಾರಿ ಕಂದುಗಳದು. ಹಳೆಯ ಬಳ್ಳಿಯ ಬೇರಿನಿಂದ ಸುತ್ತಮುತ್ತ ಮರಿಗಿಡಗಳು ಏಳುತ್ತವೆ; ಮಳೆಗಾಲದಲ್ಲಿ ಅವನ್ನು ತುಸು ಬೇರಿನೊಂದಿಗೆ ಅಗೆದು ತೆಗೆದು, ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ ಚೀಲದಲ್ಲಿ ನೆಟ್ಟು, ಎರಡು ವಾರ ನೆರಳಿನಲ್ಲಿಟ್ಟರೆ ಸಾಕು.

ಕಡ್ಡಿಯಿಂದ ಮಾಡುವುದಾದರೆ ಪೂರ್ತಿ ಎಳೆಯದೂ ಅಲ್ಲದ, ಪೂರ್ತಿ ಬಲಿತದ್ದೂ ಅಲ್ಲದ, ಪೆನ್ಸಿಲ್ ಗಾತ್ರದ ರೆಂಬೆಯಿಂದ 15ರಿಂದ 20 ಸೆಂ.ಮೀ. ಉದ್ದದ ತುಂಡುಗಳನ್ನು ಕತ್ತರಿಸಿ. ಪ್ರತಿ ತುಂಡಿನಲ್ಲಿ ಮೂರು ನಾಲ್ಕು ಗೆಣ್ಣುಗಳಿರಲಿ. ಕೆಳತುದಿಯನ್ನು ಗೆಣ್ಣಿನ ಕೆಳಗೆ ಓರೆಯಾಗಿಯೂ ಮೇಲ್ತುದಿಯನ್ನು ನೇರವಾಗಿಯೂ ಕತ್ತರಿಸಿದರೆ ತಲೆಕೆಳಗಾಗಿ ನೆಡುವ ತಪ್ಪು ಆಗುವುದಿಲ್ಲ. ಮೇಲಿನ ಒಂದು ಜೋಡಿ ಎಲೆಯನ್ನು ಅರ್ಧ ಕತ್ತರಿಸಿ ಉಳಿಸಿ, ಮಿಕ್ಕವನ್ನು ತೆಗೆಯಿರಿ. ಬೇರು ಬರಿಸುವ ಹಾರ್ಮೋನ್ ಪುಡಿಯಲ್ಲಿ ಕೆಳತುದಿಯನ್ನು ಅದ್ದಿ, ಮರಳು ಮತ್ತು ನಾರಿನ ಪುಡಿ ಸಮಪಾಲು ಬೆರೆಸಿದ ಮಿಶ್ರಣದಲ್ಲಿ ಎರಡು ಗೆಣ್ಣು ಹೂತುಹೋಗುವಂತೆ ನೆಟ್ಟು, ಮೇಲೆ ಪ್ಲಾಸ್ಟಿಕ್ ಚೀಲವನ್ನು ಗೂಡಿನಂತೆ ಮುಚ್ಚಿ, ಬೆಳಕಿರುವ ನೆರಳಿನಲ್ಲಿಡಿ. ಸುಮಾರು ನಾಲ್ಕರಿಂದ ಆರು ವಾರಗಳಲ್ಲಿ ಬೇರು ಬರುತ್ತದೆ. ಎಲ್ಲ ಕಡ್ಡಿಗಳೂ ಹಿಡಿಯುವುದಿಲ್ಲ, ಬೇಕಾದ್ದಕ್ಕಿಂತ ಎರಡು ಪಟ್ಟು ನೆಡಿ. ಎಲೆ ಚಿಗುರಿತೆಂದು ಕೂಡಲೇ ಕೀಳಬಾರದು, ಬೇರಿಗಿಂತ ಮೊದಲು ಚಿಗುರು ಬರುವುದುಂಟು; ಮೆಲ್ಲಗೆ ಎಳೆದಾಗ ಕಡ್ಡಿ ಬಿಗಿಯಾಗಿ ಹಿಡಿದುಕೊಂಡಿದ್ದರೆ ಬೇರು ಬಂದಿದೆಯೆಂದು ತಿಳಿಯಬಹುದು.

ಒಂದೋ ಎರಡೋ ಗಿಡ ಸಾಕೆನ್ನುವವರಿಗೆ ಇನ್ನೂ ಖಚಿತವಾದ ವಿಧಾನವಿದೆ. ನೆಲದ ಹತ್ತಿರದ ಉದ್ದ ಕುಡಿಯೊಂದನ್ನು ಬಾಗಿಸಿ, ಗೆಣ್ಣಿನ ಕೆಳಗೆ ತೊಗಟೆಯನ್ನು ತುಸು ಕೆತ್ತಿ, ಆ ಭಾಗವನ್ನು ಎರಡಂಗುಲ ಆಳಕ್ಕೆ ಹೂಳಿ ಮೇಲೊಂದು ಕಲ್ಲಿಡಿ. ತುದಿ ಮಣ್ಣಿನ ಹೊರಗಿರಲಿ. ಎರಡು ಮೂರು ತಿಂಗಳಲ್ಲಿ ಅಲ್ಲಿ ಬೇರು ಬಿಡುತ್ತದೆ. ಆಗ ತಾಯಿಬಳ್ಳಿಯಿಂದ ಕತ್ತರಿಸಿ ಬೇರೆ ಮಾಡಿ.

ತೋಟದಲ್ಲಿ ಬೆಳೆಸಿದ ಬಳ್ಳಿಗಳಲ್ಲಿ ಕಾಯಿ ಕಟ್ಟುವುದು ಅಪರೂಪ. ಕಟ್ಟಿದರೆ ಐದು ಏಣುಗಳಿರುವ, ಒಣಗಿದಾಗ ಕಂದುಬಣ್ಣಕ್ಕೆ ತಿರುಗುವ, ಸುಮಾರು ಮೂರು ಸೆಂ.ಮೀ. ಉದ್ದದ ಕಾಯಿ ಅದು. ಒಳಗಿರುವುದು ಒಂದೇ ಬೀಜ. ಬೀಜದ ಗಿಡ ಹೂ ಬಿಡಲು ಕಡ್ಡಿಯ ಗಿಡಕ್ಕಿಂತ ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ. ಈ ಬೀಜದಲ್ಲಿ ನರಕೋಶಗಳನ್ನು ಕೆರಳಿಸುವ ಕ್ವಿಸ್‌ಕ್ವಾಲಿಕ್ ಆಮ್ಲವಿದೆ. ಹೊಟ್ಟೆಯ ಹುಳುಗಳಿಗೆ ಔಷಧಿಯಾಗಿ ಇದನ್ನು ಏಷ್ಯಾದ ಹಲವು ವೈದ್ಯ ಪದ್ಧತಿಗಳಲ್ಲಿ ಬಳಸಿದ್ದಾರೆ, ಆದರೆ ಪ್ರಮಾಣ ಮೀರಿದರೆ ಬಿಕ್ಕಳಿಕೆ, ವಾಂತಿ, ತಲೆಸುತ್ತು ಬರುತ್ತದೆ. ಮನೆಯಲ್ಲಿ ಪ್ರಯೋಗ ಮಾಡಬೇಡಿ, ಮಕ್ಕಳಿರುವ ಕಡೆ ಬಿದ್ದ ಕಾಯಿಗಳನ್ನು ಗುಡಿಸಿ ತೆಗೆಯಿರಿ.

ತೊಂದರೆಗಳು

ಕೀಟಗಳ ಕಾಟ ಇದಕ್ಕೆ ಕಡಿಮೆ. ಎಳೆ ಚಿಗುರಿನಲ್ಲಿ ಗಿಡಹೇನು, ಗೆಣ್ಣುಗಳಲ್ಲಿ ಬಿಳಿ ಹತ್ತಿಯಂತೆ ಹಿಟ್ಟುತಿಗಣೆ ಕಾಣಿಸಿಕೊಂಡರೆ ಮೊದಲು ನೀರಿನ ರಭಸದಿಂದ ತೊಳೆಯಿರಿ. ಅದರಿಂದ ಹೋಗದಿದ್ದರೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಕೆಲವು ಹನಿ ದ್ರವ ಸಾಬೂನು ಬೆರೆಸಿ, ಬಿಸಿಲು ಇಳಿದ ಮೇಲೆ ವಾರಕ್ಕೊಮ್ಮೆಯಂತೆ ಎರಡು ಮೂರು ಸಲ ಸಿಂಪಡಿಸಿ. ಇರುವೆಗಳ ಸಾಲು ಕಾಂಡವನ್ನೇರುತ್ತಿದ್ದರೆ ಮೇಲೆಲ್ಲೋ ಹಿಟ್ಟುತಿಗಣೆ ಇದೆಯೆಂದು ಅನುಮಾನಿಸಬಹುದು. ಎಲೆಯ ಅಂಚಿನಲ್ಲಿ ಕತ್ತರಿಯಿಂದ ಕತ್ತರಿಸಿದಂತೆ ದುಂಡನೆಯ ತುಂಡುಗಳು ಮಾಯವಾಗಿದ್ದರೆ ಅದು ಎಲೆಗತ್ತರಿ ಜೇನುನೊಣಗಳ ಕೆಲಸ. ಅವು ಗೂಡಿಗಾಗಿ ಎಲೆ ಒಯ್ಯುತ್ತವೆ, ಬಳ್ಳಿಗೆ ಹೇಳಿಕೊಳ್ಳುವಂಥ ಹಾನಿಯಿಲ್ಲ, ಔಷಧಿ ಹೊಡೆಯುವ ಅಗತ್ಯವಿಲ್ಲ.

ನರಗಳು ಹಸಿರಾಗಿದ್ದು ನಡುವಿನ ಭಾಗ ಮಾತ್ರ ಹಳದಿಯಾದ ಹೊಸ ಎಲೆಗಳು ಕಬ್ಬಿಣದ ಕೊರತೆಯ ಗುರುತು. ಮಣ್ಣಿನಲ್ಲಿ ಕಬ್ಬಿಣ ಇಲ್ಲದ್ದರಿಂದಲ್ಲ, ಸುಣ್ಣ ಹೆಚ್ಚಾಗಿ ಬೇರಿಗೆ ಅದು ಸಿಗದಿರುವುದರಿಂದಲೇ ಹೀಗಾಗುವುದು ಹೆಚ್ಚು. ಕೀಲೇಟ್ ರೂಪದ, ಅಂದರೆ ಸುಣ್ಣದ ಮಣ್ಣಿನಲ್ಲೂ ಬೇರಿಗೆ ಸಿಗುವಂತೆ ಮಾಡಿದ ಕಬ್ಬಿಣವನ್ನು ಪೊಟ್ಟಣದ ಮೇಲಿನ ಪ್ರಮಾಣದಂತೆ ಕೊಟ್ಟು, ಕಳಿತ ಎಲೆಗೊಬ್ಬರವನ್ನು ಹೆಚ್ಚಿಸಿ. ಹಳೆಯ ಎಲೆಗಳು ಹಳದಿಯಾಗಿ, ಮಣ್ಣು ಸದಾ ಹಸಿಯಾಗಿದ್ದರೆ ಸಮಸ್ಯೆ ಬೇರಿನದು. ನೀರು ನಿಲ್ಲಿಸಿ, ಬಸಿಗಾಲುವೆ ಮಾಡಿ.

ಹೂ ಬಾರದ ಬಳ್ಳಿಯ ಮುಂದೆ ನಿಂತು ಕೇಳಿಕೊಳ್ಳಬೇಕಾದ ಪ್ರಶ್ನೆಗಳನ್ನು ಈ ಕ್ರಮದಲ್ಲಿ ಕೇಳಿಕೊಳ್ಳಿ: ಎರಡು ವರ್ಷ ತುಂಬಿದೆಯೇ, ಐದು ಗಂಟೆ ಬಿಸಿಲು ಬೀಳುತ್ತಿದೆಯೇ, ಸಾರಜನಕ ಹೆಚ್ಚಾಗಿದೆಯೇ, ಕಳೆದ ಸಲ ಸವರಿದ್ದು ಯಾವಾಗ. ನೆಟ್ಟಾಗ ಬಿಸಿಲಿದ್ದ ಜಾಗಕ್ಕೆ ಪಕ್ಕದ ಮರ ಬೆಳೆದು ನೆರಳು ಬಿದ್ದಿರುವುದನ್ನು ಮನೆಯವರೇ ಗಮನಿಸಿರುವುದಿಲ್ಲ.

ಹಿಮ ಬೀಳುವ ಪ್ರದೇಶಗಳಲ್ಲಿ ಬಳ್ಳಿಯನ್ನು ಕುಂಡದಲ್ಲೇ ಬೆಳೆಸಿ, ಚಳಿಗಾಲಕ್ಕೆ ಮೊದಲು ಅರ್ಧದಷ್ಟು ಸವರಿ, 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದ ಬೆಳಕಿನ ಕೋಣೆಗೆ ಒಯ್ಯುವುದು ಸುರಕ್ಷಿತ. ನೆಲದಲ್ಲಿರುವ ಬಲಿತ ಬಳ್ಳಿಗೆ ಅಪರೂಪಕ್ಕೊಮ್ಮೆ ಲಘು ಹಿಮ ತಗಲಿದರೆ ಮೇಲಿನ ಭಾಗ ಸತ್ತರೂ ಬುಡದಿಂದ ಚಿಗುರುವ ಸಾಧ್ಯತೆಯಿದೆ; ಬುಡದ ಮೇಲೆ ಒಂದಡಿ ದಪ್ಪ ಒಣಹುಲ್ಲು ಹೊದಿಸಿ, ಬೇಸಗೆ ಬರುವವರೆಗೆ ಕಾಯಿರಿ.

ಕೊನೆಯದಾಗಿ, ತೆಗೆಯುವ ಮಾತು. ಕೆಲವು ಉಷ್ಣ ಪ್ರದೇಶಗಳಲ್ಲಿ ಈ ಬಳ್ಳಿ ತೋಟದ ಬೇಲಿ ದಾಟಿ ಕಳೆಯಂತೆ ಹಬ್ಬಿರುವುದರಿಂದ, ಕಾಡಿನ ಅಂಚಿನಲ್ಲೋ ಹಳ್ಳದ ದಂಡೆಯಲ್ಲೋ ಇದನ್ನು ನೆಡಬಾರದು, ಸವರಿದ ರೆಂಬೆಗಳನ್ನು ಅಂಥ ಕಡೆ ಎಸೆಯಲೂಬಾರದು. ಬೇಡವಾದ ಬಳ್ಳಿಯನ್ನು ಬುಡಕ್ಕೆ ಕಡಿದು ಸುಮ್ಮನಾದರೆ ಅದು ಹೋಗುವುದಿಲ್ಲ. ಕಡಿದ ಬುಡವನ್ನು ಸುತ್ತಲೂ ಅಗೆದು ದಪ್ಪ ಬೇರುಗಳೊಂದಿಗೆ ಎತ್ತಿ, ಮಣ್ಣಿನಲ್ಲಿ ಉಳಿದ ಬೇರಿನ ತುಂಡುಗಳಿಂದ ಏಳುವ ಕಂದುಗಳನ್ನು ಎಲೆ ಬಿಚ್ಚುವ ಮೊದಲೇ ಹದಿನೈದು ದಿನಕ್ಕೊಮ್ಮೆ ಕೀಳುತ್ತ ಬರಬೇಕು. ಒಂದು ಇಡೀ ಮಳೆಗಾಲ ಹೊಸ ಕಂದು ಕಾಣಿಸದೆ ಕಳೆದ ಮೇಲಷ್ಟೇ ಆ ಜಾಗದಲ್ಲಿ ಬೇರೆ ಗಿಡ ನೆಡಿ.